ಮರಿ ಬೆಚ್ಚಗಾಗುವ ತನಕ

ಹೆಸರಘಟ್ಟದ ಹುಲ್ಲುಗಾವಲಿನ ಅಂಚಿನಲ್ಲಿರುವ ಮಾರಕ್ಕನಿಗೆ ಹನ್ನೊಂದು ಕುರಿಗಳಿವೆ. ಮನುಷ್ಯರು ಯಾರೂ ಇಲ್ಲ. ಗಂಡ ತೀರಿಹೋಗಿ ಇಪ್ಪತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ, ಅಕ್ಕಪಕ್ಕದವರು ಜಾಗ ಮಾರಿ ರಾಜಾನುಕುಂಟೆ ಕಡೆ ಹೋದರು. ಆ ಸಾಲಿನಲ್ಲಿ ಈಗ ಒಲೆ ಉರಿಯುವ ಮನೆ ಅದೊಂದೇ. ನಾನು ಈ ಭಾಗದ ದನದ ಡಾಕ್ಟರು. ಕುರಿಗೆ ಕೆಮ್ಮು ಎಂದು ಫೋನು ಮಾಡುತ್ತಾಳೆ. ಹೋಗಿ ನೋಡಿದರೆ ಕುರಿ ಆರಾಮಾಗಿ ಮೇಯುತ್ತಿರುತ್ತದೆ, ಇವಳು ಮಾತಿಗೆ ಕೂರುತ್ತಾಳೆ. ನನಗೆಲ್ಲಿದೆ ಪುರುಸೊತ್ತು! ಸಿಡುಕಿಯೇ ಬರುತ್ತಿದ್ದೆ.

ಜನವರಿಯ ಆ ಬೆಳಿಗ್ಗೆ ಮಾತ್ರ ಕರೆ ನಿಜವಾಗಿತ್ತು.

"ಸಾರ್, ಬಿರ್ನೆ ಬನ್ನಿ. ಮರಿ ತಣ್ಣಗಾಗ್ಬುಟ್ಟೈತೆ."

ಚೊಚ್ಚಲ ಕುರಿ ಇಬ್ಬನಿಯಲ್ಲೇ ಈದು, ಮರಿಯನ್ನು ಪೂರ್ತಿ ನೆಕ್ಕದೆ ದೂರ ಹೋಗಿ ನಿಂತಿತ್ತು. ಮರಿಯ ಬಾಯೊಳಗೆ ಬೆರಳಿಟ್ಟೆ. ಮಂಜುಗಡ್ಡೆ! ಮಾರಕ್ಕ ಆಗಲೇ ಹಾಲಿನ ಬಾಟಲಿ ಹಿಡಿದಿದ್ದಳು.

"ಅಯ್ಯೋ, ಮರೀನ ಸಾಯಿಸ್ತೀರಾ? ಕೆಳಗಿಡಿ ಆ ಬಾಟ್ಲೀನ!" ಎಂದು ಗದರಿದೆ.

ಹೊಟ್ಟೆಯಲ್ಲಿದ್ದಾಗ ಮರಿಗೆ ಉಸಿರು, ಊಟ ಎಲ್ಲ ಹೊಕ್ಕುಳಬಳ್ಳಿಯಿಂದ, ಕಾವು ತಾಯಿಯ ಮೈಯಿಂದ. ಬಳ್ಳಿ ಹರಿದ ಕ್ಷಣದಿಂದ ಎಲ್ಲವೂ ಅದರ ಪಾಡು. ನೀರು ತುಂಬಿದ್ದ ಶ್ವಾಸಕೋಶಕ್ಕೆ ಗಾಳಿ ಎಳೆಯಬೇಕು. ಒದ್ದೆ ಮೈ ಕಾವನ್ನು ಕಳೆಯುತ್ತಿರುತ್ತದೆ. ಮೂತ್ರಪಿಂಡದ ಸುತ್ತ ಹುಟ್ಟುವಾಗಲೇ ಇರುವ ಒಂದಿಷ್ಟು ಕೊಬ್ಬು ಉರಿದು ಬಿಸಿ ಕೊಡುತ್ತದೆ. ಅದು ಕೆಲವೇ ಗಂಟೆಗಳ ಬುತ್ತಿ. ಅಷ್ಟರಲ್ಲಿ ಗಿಣ್ಣುಹಾಲು ಹೊಟ್ಟೆ ಸೇರಬೇಕು. ಆದರೆ ಇಷ್ಟು ತಣ್ಣಗಾದ ಮರಿಗೆ ನುಂಗುವ ತ್ರಾಣವೇ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮರಿಯನ್ನು ಒರೆಸಿ ಅವಳ ಕೈಗೆ ಕೊಟ್ಟೆ. ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡು, ಕಂಬಳಿ ಹೊದ್ದು ಕೂತಳು. ಅರ್ಧ ಗಂಟೆಗೆ ಮರಿ ಮಿಸುಕಿತು.

"ಸಾರ್, ನನ್ ಬೆರಳು ಚೀಪ್ತೈತೆ!" ಮುಖ ಅರಳಿತ್ತು.

"ಸರಿ, ಈಗ ತಾಯಿ ಹತ್ರ ಬಿಡಿ."

"ಇನ್ನೊಂದ್ ವಸಿ ಒತ್ತು ಇರ್ಲಿ ಸಾರ್."

ನನಗೆ ಹೆದರಿಕೆಯಾಯಿತು. ಹೋದ ವರ್ಷ ಹೀಗೇ ಒಂದು ಮರಿಯನ್ನು ಎರಡು ದಿನ ಮಡಿಲಲ್ಲೇ ಇಟ್ಟುಕೊಂಡಿದ್ದಳು. ತಾಯಿ ಮರಿಯನ್ನು ಗುರುತಿಸುವುದು ವಾಸನೆಯಿಂದ. ಮಾರಕ್ಕನ ವಾಸನೆ ಹತ್ತಿದ್ದ ಮರಿಯನ್ನು ಅದು ಒದ್ದು ಓಡಿಸಿತು. ಮರಿ ಬಾಟಲಿ ಹಾಲಿನಲ್ಲಿ ಬೆಳೆದು, ಇವಳ ಹಿಂದೆಯೇ ಸುತ್ತುತ್ತಿತ್ತು. ಬೀದಿನಾಯಿಗಳು ನುಗ್ಗಿದ ದಿನ ಮಂದೆ ಒಟ್ಟಾಗಿ ಓಡಿತು. ಅದೊಂದು ಮಾತ್ರ ಮನೆಯ ಕಡೆ ಓಡಿತು. ಮಾರಕ್ಕ ಸಂತೆಗೆ ಹೋಗಿದ್ದಳು, ಬಾಗಿಲು ಹಾಕಿತ್ತು.

ಅದನ್ನು ನಾನು ನೆನಪಿಸಬೇಕಾಗಲಿಲ್ಲ. ಅವಳೇ ಎದ್ದಳು. ಮರಿಯ ಹಿಂದೆಯೇ ಕುರಿಯ ಹೊಟ್ಟೆಯಿಂದ ಹೊರಬಂದು ಹುಲ್ಲಿನ ಮೇಲೆ ಬಿದ್ದಿದ್ದ ಮಾಸನ್ನು ತಂದು ಮರಿಯ ತಲೆ, ಬೆನ್ನು, ಬಾಲದ ಬುಡಕ್ಕೆಲ್ಲ ತಿಕ್ಕಿದಳು. ತನ್ನ ವಾಸನೆಯನ್ನು ತಾನೇ ಅಳಿಸುತ್ತಿದ್ದಳು.

"ಓಗು, ನಿಮ್ಮವ್ವನ್ತಾವ ಓಗು. ನಾನಲ್ಲ ಕಣೋ ನಿಮ್ಮವ್ವ."

ಕುರಿ ಮೂಸಿತು. ಕಾಲು ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಮೂಸಿ, ಗಂಟಲಲ್ಲೇ ಸದ್ದು ಮಾಡುತ್ತಾ ನೆಕ್ಕತೊಡಗಿತು. ಮರಿ ತಡಕಾಡಿ ಕೆಚ್ಚಲು ಹಿಡಿದು ಬಾಲ ಆಡಿಸಿತು. ಮಾರಕ್ಕನ ಕಡೆ ತಿರುಗಿ ಕೂಡ ನೋಡಲಿಲ್ಲ.

"ಬಿಸಿನೀರು ಕಾಯಿಸಿ ಸ್ನಾನ ಮಾಡಿ ಮಾರಕ್ಕ. ಸೀರೆಯೆಲ್ಲ ಒದ್ದೆ," ಎಂದೆ.

"ಇರ್ಲಿ ಬುಡಿ ಸಾರ್, ಇವತ್ತೊಂದಿನ." ಮರಿ ಮಲಗಿದ್ದ ಸೆರಗನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡಳು.

ನಾನು ಬೈಕಿನ ಕೀಯನ್ನು ಜೇಬಿಗೆ ಹಾಕಿಕೊಂಡು ಅವಳ ಜಗಲಿಯ ಮೇಲೆ ಕೂತೆ.