ಒಬ್ಬಳೇ ಎಂದು ತೀರ್ಮಾನವಾದ ಇಬ್ಬರು

ನಾನು ಆಗ ವಿಜಯಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕಾಂಪೊನೆಂಟ್ ಲೈಬ್ರರಿಯ ಮುಖ್ಯಸ್ಥೆ. ರಿಟೈರ್‌ಮೆಂಟಿಗೆ ಎರಡು ವರ್ಷ ಉಳಿದಿತ್ತು. ಲೈಬ್ರರಿ ಎಂದರೆ ಪುಸ್ತಕಗಳದ್ದಲ್ಲ. ಒಂದು ಪ್ರೋಗ್ರಾಮಿಗಾಗಿ ಬರೆದ ಕೋಡಿನ ತುಂಡು ಇನ್ನೊಂದಕ್ಕೂ ಬರುವಂತಿದ್ದರೆ ಅದನ್ನು ಬಿಡಿಸಿ, ತಿದ್ದಿ, ಟೆಸ್ಟ್ ಮಾಡಿ ಇಡುತ್ತಿದ್ದೆವು. ಅದೇ ಕಾಂಪೊನೆಂಟ್. ಪ್ರತಿಯೊಂದಕ್ಕೂ ಕ್ಯಾಟಲಾಗಿನಲ್ಲಿ ಒಂದು ಪುಟ: ಏನು ಮಾಡುತ್ತದೆ, ಯಾವುದರ ಮೇಲೆ ಮಾಡುತ್ತದೆ, ಎಲ್ಲಿ ಬಳಸಬಾರದು. ಎರಡು ಮೂರು ಕೀವರ್ಡ್ ಕೊಟ್ಟರೆ ಸರಿಯಾದದ್ದು ಕೈಗೆ ಸಿಗಬೇಕು. ಕೋಡ್ ಬರೆಯುವುದಕ್ಕಿಂತ ಅದಕ್ಕೆ ತಕ್ಕ ಹೆಸರು ಹಚ್ಚಿ ತಕ್ಕ ಜಾಗದಲ್ಲಿ ಇಡುವುದು ಕಷ್ಟ ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ. ಹೇಳುವುದು ಸುಲಭವಿತ್ತು.

ನನಗೆ ವಿಶೇಷ ಪ್ರೈಡ್ ಇದ್ದದ್ದು ನಾನೇ ಬರೆದ ಒಂದು ಕಾಂಪೊನೆಂಟಿನ ಬಗ್ಗೆ. ಆಲಮಟ್ಟಿ ಕಡೆಯ ಪಂಪ್ ವ್ಯಾಪಾರಿಯೊಬ್ಬರ ಗೋದಾಮಿಗಾಗಿ ಬರೆದದ್ದು. ಅಲ್ಲಿ ಇಬ್ಬರು ಗುಮಾಸ್ತರು ಒಂದೇ ಸಾಮಾನನ್ನು ಎರಡೆರಡು ಸಲ ಎಂಟ್ರಿ ಮಾಡುತ್ತಿದ್ದರು. ಸಾಮಾನಿನ ಹೆಸರು, ತಯಾರಕರ ಹೆಸರು, ಇಟ್ಟ ಊರು, ತಯಾರಾದ ತಾರೀಖು, ಈ ನಾಲ್ಕೂ ಒಂದೇ ಆಗಿದ್ದರೆ ಅದು ಡೂಪ್ಲಿಕೇಟ್. ಮೊದಲಿನದನ್ನು ತೆಗೆದುಹಾಕು, ಕಡೆಯದನ್ನು ಉಳಿಸು. ಇಷ್ಟೇ ಅದರ ಕೆಲಸ.

ಅದರ ಪುಟ ತುಂಬುವಾಗ 'ಮನುಷ್ಯರ ಪಟ್ಟಿಗೆ ಬೇಡ' ಎಂದು ಬರೆಯಲು ಹೊರಟಿದ್ದೆ. ಮ್ಯಾನೇಜರ್ ನಕ್ಕರು.

"ಅಂಗಡಿ ಬಾಗಲಿಗೆ ನೀವ ಮುಳ್ಳು ಹಚ್ಚಾಕತ್ತೀರಲ್ರಿ ಮೇಡಂ. ಹಿಂಗ ಬರದ್ರ ಯಾರ ತಗೋತಾರ?"

ಆ ವರ್ಷ ನಮ್ಮ ಅಪ್ರೈಸಲ್ ನಿಂತಿದ್ದು ರೀಯೂಸ್ ಕೌಂಟ್ ಮೇಲೆ, ಅಂದರೆ ಒಂದು ಕಾಂಪೊನೆಂಟ್ ಎಷ್ಟು ಕಡೆ ಮರುಬಳಕೆಯಾಯಿತು ಎಂಬುದರ ಮೇಲೆ. ನಾನು ಆ ಸಾಲನ್ನು ಖಾಲಿ ಬಿಟ್ಟೆ. ವರ್ಗದ ಜಾಗದಲ್ಲಿದ್ದ 'ಗೋದಾಮು' ಎಂಬ ಶಬ್ದವನ್ನೂ ತೆಗೆದು 'ಸಾಮಾನ್ಯ' ಎಂದು ಹಾಕಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಸೇವಾಸಂಸ್ಥೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಬಾಲವಾಡಿ ತೆರೆಯಲು ಹೊರಟಿತು. ಊರಿಗೊಬ್ಬಳು ಟೀಚರ್. ಅದೇ ಊರಿನವಳಾಗಿರಬೇಕು, ವಯಸ್ಸು ಮೂವತ್ತೈದು ಮೀರಿರಬಾರದು, ಆಯ್ಕೆ ಪಿಯುಸಿ ಮಾರ್ಕ್ಸ್ ಮೇಲೆ. ಅರ್ಜಿಗಳ ಕೆಲಸ ನಮ್ಮ ಕಂಪನಿಗೆ ಬಂತು. ಕೆಲವರು ಗಾಬರಿಯಲ್ಲಿ ಎರಡೆರಡು ಸಲ ಅರ್ಜಿ ಹಾಕಿದ್ದರು. ಅವನ್ನು ತೆಗೆಯಬೇಕಿತ್ತು. ನಮ್ಮ ಪ್ರೋಗ್ರಾಮರ್ ವಿದ್ಯಾ ಲೈಬ್ರರಿಯಲ್ಲಿ ಹುಡುಕಿದಳು. ಮೊದಲು ಸಿಕ್ಕಿದ್ದೇ ನನ್ನದು. ಸಾಮಾನಿನ ಹೆಸರಿದ್ದಲ್ಲಿ ಅರ್ಜಿದಾರಳ ಹೆಸರು, ತಯಾರಕರಿದ್ದಲ್ಲಿ ಮನೆತನದ ಅಡ್ಡಹೆಸರು, ಊರಿಗೆ ಊರು, ತಾರೀಖಿಗೆ ಹುಟ್ಟಿದ ತಾರೀಖು.

"ಅಳತಿ ಕೊಟ್ಟು ಹೊಲಿಸಿದ ಕುಬಸದಂಗ ಕೂತೈತ್ರಿ ಮೇಡಂ," ಎಂದಳು ಖುಷಿಯಿಂದ.

ನಾನು ಅಪ್ರೂವ್ ಮಾಡಿದೆ. ಐದು ನಿಮಿಷ ಕೂತು ನೋಡಲಿಲ್ಲ. ನನ್ನದೇ ಕೋಡಲ್ಲವೇ.

ಆಯ್ಕೆಪಟ್ಟಿ ಹೊರಬಿದ್ದ ವಾರದಲ್ಲಿ ಕನ್ನೊಳ್ಳಿಯಿಂದ ಒಬ್ಬ ಹೆಣ್ಣುಮಗಳು ಅರ್ಜಿಯ ರಸೀದಿ ಹಿಡಿದು ಆಫೀಸಿಗೆ ಬಂದಳು. ರಸೀದಿಯ ಮೇಲೆ ನಮ್ಮ ವಿಳಾಸವಿತ್ತು. ಹೆಸರು ಶಾಂತಾಬಾಯಿ ಬಿರಾದಾರ. ಪಿಯುಸಿ ಫಸ್ಟ್ ಕ್ಲಾಸ್. ಅರ್ಜಿ ಕರೆದ ಮೊದಲ ದಿನವೇ ತುಂಬಿದ್ದಳು. ಪಟ್ಟಿಯಲ್ಲಿ ಅದೇ ಹೆಸರು, ಅದೇ ಊರು ಇತ್ತು. ಆದರೆ ಅದು ಅವಳಲ್ಲ.

"ಅಕಿ ನನ್ನ ನೆಗೆಣ್ಣಿರಿ ಬಾಯಾರ. ನಮ್ಮ ಕಾಕಾನ ಮಗಳ. ಇಬ್ಬರಿಗೂ ಅಜ್ಜಿ ಹೆಸರ ಇಟ್ರು, ಇಬ್ಬರನೂ ಒಂದ ಮನಿ ಅಣ್ಣತಮ್ಮರಿಗೆ ಕೊಟ್ರು. ಊರಾಗ ನನಗ ದೊಡ್ಡ ಶಾಂತಾ ಅಂತಾರ, ಅಕಿಗೆ ಸಣ್ಣ ಶಾಂತಾ."

"ಡೇಟ್ ಆಫ್ ಬರ್ತ್ ಸೈತ ಒಂದೇ ಅದಲ್ಲ ತಂಗಿ?" ಎಂದೆ.

ಅವಳು ನಕ್ಕುಬಿಟ್ಟಳು. "ಅದು ಸಾಲಿ ಮಾಸ್ತರ್ರು ಬರದದ್ದರಿ. ಹುಟ್ಟಿದ ದಿನ ನೆನಪಿಲ್ಲಂದ್ರ ಎಲ್ಲಾರಿಗೂ ಜೂನ್ ಒಂದು. ನಮ್ಮ ವರ್ಗದಾಗ ಅರ್ಧ ಮಂದಿ ಒಂದ ದಿನ ಹುಟ್ಟ್ಯಾರ್ರಿ!"

ಈ ಸೀಮೆಯಲ್ಲೇ ಬೆಳೆದ ನನಗೆ ಆ ಜೂನ್ ಒಂದು ಗೊತ್ತಿಲ್ಲದ್ದಲ್ಲ. ನನ್ನ ಯಜಮಾನರ ಸರ್ಟಿಫಿಕೇಟಿನಲ್ಲೂ ಅದೇ ತಾರೀಖು. ಇಬ್ಬರು ಶಾಂತಾರ ಅರ್ಜಿಯಲ್ಲಿ ಗಂಡನ ಹೆಸರು, ಮಾರ್ಕ್ಸ್ ಎಲ್ಲ ಬೇರೆ ಇದ್ದವು. ಕಾಂಪೊನೆಂಟ್ ಅವನ್ನು ನೋಡುವುದೇ ಇಲ್ಲ. ನಾಲ್ಕು ಕೂಡಿದವು, ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿತು. ಮೊದಲು ಬಂದವಳನ್ನು ಅಳಿಸಿತು. ಕಡೆಯ ದಿನ ಅರ್ಜಿ ಹಾಕಿದ, ಕಡಿಮೆ ಮಾರ್ಕ್ಸಿನ ಸಣ್ಣ ಶಾಂತಾ ಉಳಿದಳು.

ಹಳೆಯ ಫೈಲ್ ತೆಗೆದು ನೋಡಿದೆ. ನಾಲ್ಕು ತಾಲ್ಲೂಕಿನಲ್ಲಿ ಹೀಗೆ ಅಳಿದುಹೋದವರು ಇನ್ನೂ ಹನ್ನೊಂದು ಮಂದಿ. ಕಾಗದ ಹಿಡಿದು ಮ್ಯಾನೇಜರ್ ಎದುರು ನಿಂತೆ.

"ಸಾಫ್ಟ್‌ವೇರ್ ಹೇಳಿದಷ್ಟ ಮಾಡೈತಿ ಮೇಡಂ," ಎಂದರು. "ಒಂದ ಹೆಸರ ಬದಲ ಮಾಡಿದ್ರ ನಾಲ್ಕೂ ತಾಲ್ಲೂಕ ಎದ್ದ ಕುಂದರತಾವ. ಪಟ್ಟಿ ಫೈನಲ್."

ತಪ್ಪಾಗಿದೆ ಎಂದು ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಲು ಅವರು ಒಪ್ಪಲಿಲ್ಲ. ನಾನು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಸಂಸ್ಥೆಯ ಕಾರ್ಯದರ್ಶಿಗೆ ಕೊಟ್ಟೆ. ಅವರು ಪೂರ್ತಿ ಓದಿ, ಮಡಚಿ, ವಾಪಸ್ಸು ಕೊಟ್ಟರು. "ಇದು ನಿಮ್ಮ ಸ್ವಂತ ಅಭಿಪ್ರಾಯ ಆತ್ರಿ ಮೇಡಂ. ಕಂಪನಿ ಬರಕೊಡ್ಲಿ, ನೋಡೋಣ." ಕಂಪನಿ ಬರೆದುಕೊಡಲಿಲ್ಲ. ನಾನು ರಾಜೀನಾಮೆ ಕೊಡಬಹುದಿತ್ತು. ಕೊಡಲಿಲ್ಲ. ಆ ವರ್ಷ ಅತಿ ಹೆಚ್ಚು ಮರುಬಳಕೆಯಾದ ಕಾಂಪೊನೆಂಟ್ ಎಂದು ಅದಕ್ಕೊಂದು ಶೀಲ್ಡ್ ಕೊಟ್ಟರು. ವೇದಿಕೆ ಹತ್ತಿ ಇಸಿದುಕೊಂಡವಳೂ ನಾನೇ.

ದೊಡ್ಡ ಶಾಂತಾ ಇನ್ನೊಮ್ಮೆ ಬಂದಳು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕೆಂದೆ.

"ವಯಸ್ಸ ಮೀರತೈತ್ರಿ. ಖರೇ ಅಂದ್ರ ನಾ ಹುಟ್ಟಿದ್ದು ದೀಪಾವಳಿ ಮುಂದ, ಇನ್ನೂ ಟೈಮ್ ಐತಿ. ಆದ್ರ ಅದನ್ನ ಯಾರ ನಂಬ್ತಾರ?"

"ತಪ್ಪು ನಂದು, ತಂಗಿ."

"ನೀವರೆ ಒಪ್ಪಿಕೊಂಡ್ರಿ ಬಿಡ್ರಿ." ರಸೀದಿಯನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು. "ಸಣ್ಣ ಶಾಂತಾಂದೂ ತಪ್ಪಿಲ್ಲ. ಅಕಿ ಮುಂಜಾನೆ ಇಸ್ತ್ರಿ ಸೀರಿ ಉಟ್ಟು ಬಾಲವಾಡಿಗೆ ಹೊಂಟಾಗ ನಾ ರೊಟ್ಟಿ ಬಡಿಯೂದು ಬಿಟ್ಟು ನೋಡ್ಕೋತ ನಿಂದರತೇನಲ್ರಿ ಬಾಯಾರ, ಅದಕ್ಕೇನ್ ಮಾಡ್ಲಿ?"

ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಹತ್ತು ಕಡೆ ಬಳಸುವ ಕೋಡಿನಲ್ಲಿ ತಪ್ಪಿದ್ದರೆ ಅದು ಹತ್ತು ಪಾಲಾಗಿ ಹಂಚಿಹೋಗುತ್ತದೆ, ಬರೆದವಳ ಪಾಲಿಗೆ ಹಗುರಾಗುತ್ತದೆ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ. ಮೂವತ್ತು ವರ್ಷದ ನೌಕರಿ ಕಡೆಗೆ ಕಲಿಸಿದ್ದು ಇಷ್ಟು: ಅದು ಹಂಚಿಹೋಗುವುದಿಲ್ಲ. ಹೋದ ಹೋದಲ್ಲೆಲ್ಲ ಇಡಿಯಾಗಿಯೇ ಹೋಗುತ್ತದೆ, ಒಬ್ಬೊಬ್ಬರ ಮೇಲೆ ಇಡಿಯಾಗಿಯೇ ಬೀಳುತ್ತದೆ.