ಭಾವನ ಮೀನಿಗೆ ಮರುವಾಯಿ

ಹೆಂಡತಿಯ ತಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿಲ್ಲ, ಹೇಳುವ ಅಗತ್ಯವೂ ಬಿದ್ದಿಲ್ಲ, ಯಾಕೆಂದರೆ ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅವನೊಬ್ಬನಿಗೆ. ಕಂಡಲ್ಲೆಲ್ಲ "ಭಾವ, ಭಾವ" ಎಂದು ಬಾಯ್ತುಂಬ ಕರೆದು ಕುರ್ಚಿ ಎಳೆದು ಕೂರಿಸುತ್ತಾನೆ. ಅದೂ ನನಗೆ ಉರಿಯುವ ವಿಷಯವೇ. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಎದುರಿನ ಮನುಷ್ಯ ಸ್ವಲ್ಪ ಕೆಟ್ಟವನಾಗಿರಬೇಡವೇ?

ಅವನ ಐದನೇ ಮಹಡಿಯ ಫ್ಲಾಟು, ಕಾರು, ಇನ್ನೂ ಉದುರದ ಕೂದಲು, ಅದೆಲ್ಲ ಹೇಗೋ ನುಂಗಿಕೊಂಡಿದ್ದೇನೆ. ನುಂಗಲಾಗದ್ದು ಅವನ ಉಪ್ಪುನೀರಿನ ಅಕ್ವೇರಿಯಂ. ಅದು ಮೊದಲು ನನ್ನ ಹುಚ್ಚು. ವಾಮಂಜೂರಿನ ನಮ್ಮ ಮನೆಯಲ್ಲಿ ನಾನು ಟ್ಯಾಂಕ್ ಇಟ್ಟಾಗ ಅವನಿಗೆ ಮೀನೆಂದರೆ ಬಟ್ಟಲಿಗೆ ಬರುವುದು ಮಾತ್ರ. ಅಂಗಡಿಯವನು ಸಮುದ್ರದ ಉಪ್ಪಿನ ಪ್ಯಾಕೆಟ್ ತೋರಿಸಿ, ಇದನ್ನು ನೀರಿಗೆ ಕಲಸಬೇಕು ಎಂದಾಗ ನನಗೆ ನಗು ಬಂತು. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದವನು ಸಮುದ್ರವನ್ನು ಪ್ಯಾಕೆಟಿನಲ್ಲಿ ಕೊಳ್ಳುವುದುಂಟೇ? ಉಳ್ಳಾಲಕ್ಕೆ ಹೋಗಿ ಆರು ಕ್ಯಾನ್ ನೀರು ತುಂಬಿಸಿಕೊಂಡು ಬಂದೆ. ಅದು ಜುಲೈ ತಿಂಗಳು. ನೇತ್ರಾವತಿ ಕೆಂಪಗೆ ಮೈದುಂಬಿ ಅಲ್ಲೇ ಕಡಲಿಗೆ ಬೀಳುವಾಗ ದಡದ ನೀರಿನಲ್ಲಿ ಅರ್ಧಕ್ಕರ್ಧ ಹೊಳೆಯದ್ದೇ ಎಂಬುದು ತಲೆಗೆ ತೋಚಲಿಲ್ಲ. ಮಣ್ಣು ತಳಕ್ಕೆ ಕೂತ ಮೇಲೆ ಎರಡು ಮೀನು ಬಿಟ್ಟೆ. ಮೂರನೆಯ ದಿನ ಎರಡೂ ಮಗುಚಿ ತೇಲಿದವು. "ಸಾರಿಗೂ ಆಗ್ಲಿಲ್ಲ" ಎಂದಳು ಹೆಂಡತಿ. ಟ್ಯಾಂಕ್ ಅಟ್ಟ ಸೇರಿತು.

ಮರುವರ್ಷ ಅವಳ ತಮ್ಮ ಪಡೀಲಿನ ಫ್ಲಾಟಿನಲ್ಲಿ ನನ್ನದರ ಎರಡರಷ್ಟು ದೊಡ್ಡ ಟ್ಯಾಂಕ್ ಇಟ್ಟ. ಪ್ಯಾಕೆಟ್ ಉಪ್ಪನ್ನೇ ಕಲಸಿದ. ಅವನ ಮೀನುಗಳು ಸಾಯಲಿಲ್ಲ. ನೆಂಟರು ಬಂದರೆ ಮೊದಲು ಅದರ ಎದುರು ನಿಂತು ಬಾಯಿ ಬಿಡುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಲ್ಲಿಯೂ ಒಂದು ಇತ್ತಲ್ಲ?" ಎನ್ನುತ್ತಾರೆ. ನಾನು ಟೀ ಕುಡಿಯುತ್ತೇನೆ.

ಹೋದ ವರ್ಷ ಒಂದು ದಿನ ಬೆಳಿಗ್ಗೆ ಅವನ ಫೋನ್ ಬಂತು.

"ಭಾವ, ಒಂದು ಉಪಕಾರ ಆಗ್ಬೇಕು. ಸೋಮವಾರ ಚೆನ್ನೈಯಿಂದ ಹೊಸ ಮೀನು ಬರ್ತಾ ಉಂಟು. ನನಗೆ ಅವತ್ತೇ ಮುಂಬೈಗೆ ಹೋಗ್ಲೇಬೇಕು, ಶನಿವಾರ ಬರೋದು. ಇವಳೂ ಹೆರಿಗೆಗೆ ಅಂತ ತಾಯಿಮನೆಗೆ ಹೋಗಿದ್ದಾಳಲ್ಲ. ನಿಮ್ಮನ್ನು ಬಿಟ್ರೆ ನನಗೆ ಯಾರುಂಟು?"

"ಮೀನು ಕೊಂದವನ ಹತ್ತಿರವೇ ಕೇಳ್ತಿಯಲ್ಲ ಮಾರಾಯ."

"ಎಂತ ಭಾವ ನೀವು! ಅದು ನೀರಿನ ತಪ್ಪು, ನಿಮ್ಮದಲ್ಲ."

ಅವನು ನಕ್ಕಿದ್ದರೆ ನಾನು ಆಗುವುದಿಲ್ಲ ಎನ್ನುತ್ತಿದ್ದೆ. ನಗಲಿಲ್ಲ, ಹಾಗಾಗಿ ಒಪ್ಪಬೇಕಾಯಿತು. ಒಪ್ಪಿದ ಮೇಲೆ ನನ್ನೊಳಗೆ ಒಂದು ಹಟ ಹುಟ್ಟಿತು. ಈ ಮೀನು ಬದುಕಲೇಬೇಕು. ಸತ್ತರೆ ನನ್ನ ಹೆಸರು ಎರಡನೇ ಸಲ ಹಾಳಾಗುತ್ತದೆ. ಬದುಕಿದರೆ, ಆ ಟ್ಯಾಂಕಿನ ಎದುರು ನಿಂತವರು ಒಮ್ಮೆಯಾದರೂ ನನ್ನ ಹೆಸರು ಹೇಳಿಯಾರು.

ಸೋಮವಾರ ಪಾರ್ಸೆಲ್ ಆಫೀಸಿನಿಂದ ಥರ್ಮೋಕೋಲ್ ಪೆಟ್ಟಿಗೆ ಬಿಡಿಸಿಕೊಂಡು ಪಡೀಲಿಗೆ ಹೋದೆ. ಒಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅಂಗೈಯಷ್ಟೂ ಇಲ್ಲದ ಚಿಟ್ಟೆಮೀನು. ಬಿಳಿ ಮೈ, ಅದಕ್ಕೆ ಮೇಲಿನಿಂದ ಕೆಳಕ್ಕೆ ಅರಿಶಿನ ಬಣ್ಣದ ಪಟ್ಟೆಗಳು, ಉದ್ದಕ್ಕೆ ಚಾಚಿದ ಚೂಪು ಮೂತಿ. ಇಷ್ಟು ಚಂದದ್ದು ಅವನಿಗೇ ಸಿಗಬೇಕೇ ಎಂದು ಮೊದಲು ಅನಿಸಿತು, ಪ್ರಯಾಣದಲ್ಲಿ ಬಳಲಿದೆ ಪಾಪ ಎಂದು ಆಮೇಲೆ. ಚೀಲವನ್ನು ಹಾಗೆಯೇ ಟ್ಯಾಂಕಿನಲ್ಲಿ ತೇಲಿಬಿಟ್ಟು ಒಳಗಿನ ನೀರಿನ ಬಿಸಿಯನ್ನು ಹೊರಗಿನದಕ್ಕೆ ಸಮ ಮಾಡಿದೆ. ಮೀನನ್ನು ಚೀಲದ ನೀರಿನ ಸಮೇತ ಬಕೆಟ್ಟಿಗೆ ಬಗ್ಗಿಸಿ, ಸಪೂರ ಪೈಪಿಗೆ ಗಂಟು ಹಾಕಿ ಟ್ಯಾಂಕಿನ ನೀರು ಬಕೆಟ್ಟಿಗೆ ತೊಟ್ಟು ತೊಟ್ಟಾಗಿ ಬೀಳುವಂತೆ ಮಾಡಿದೆ. ಹೊಸ ನೀರಿನ ಉಪ್ಪು ಮೈಗೆ ನಿಧಾನ ಒಗ್ಗಬೇಕು. ಒಂದು ಗಂಟೆ ಸಾಕು ಎಂದು ಅವನು ವಾಯ್ಸ್ ಮೆಸೇಜ್ ಕಳಿಸಿದ್ದ. ನಾನು ಎರಡು ಗಂಟೆ ಕೂತೆ. ಅವನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುವುದರಲ್ಲಿ ಒಂದು ಸುಖವಿತ್ತು. ಮೀನನ್ನು ಟ್ಯಾಂಕಿಗೆ ಬಿಟ್ಟು, ಹೆದರದಿರಲಿ ಎಂದು ಲೈಟ್ ಆರಿಸಿದೆ. ಅದು ಸೀದಾ ಹೋಗಿ ಕಲ್ಲಿನ ಸಂದಿ ಸೇರಿತು.

ಮಂಗಳವಾರ ಆಫೀಸಿನಿಂದ ನೇರ ಅಲ್ಲಿಗೇ ಹೋದೆ. ಫ್ರೀಜರಿನಲ್ಲಿ ಅವನು ಇಟ್ಟುಹೋಗಿದ್ದ ಸಿಗಡಿ ಚೂರು ಹಾಕಿದರೆ ಉಳಿದ ಮೀನುಗಳು ಮುಗಿಬಿದ್ದವು, ಇದು ಮೂತಿಯೂ ಹೊರಗೆ ಹಾಕಲಿಲ್ಲ. ಫೋನಿನಲ್ಲಿ ಹೇಳಿದೆ.

"ಈ ಜಾತಿಯದ್ದು ತಿನ್ಲಿಕ್ಕೆ ಹಟ ಮಾಡ್ತದೆ ಭಾವ. ತಿನ್ನದಿದ್ರೆ ಹೋಯ್ತು ಅಂತ ಲೆಕ್ಕ" ಎಂದ. ದನಿ ಸಣ್ಣಗಾಗಿತ್ತು. ಅವನ ದನಿ ಸಣ್ಣಗಾದದ್ದನ್ನು ನಾನು ಮೊದಲ ಬಾರಿ ಕೇಳಿದ್ದು. ನನಗೆ ಒಳಗೊಳಗೇ ಹಿತವಾಯಿತು, ಹಿತವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಬುಧವಾರ ಬೆಳಿಗ್ಗೆ ಹೆಂಡತಿ ಸುಕ್ಕ ಮಾಡಲು ಮರುವಾಯಿ ತೆಗೆದುಕೊಂಡಿದ್ದಳು. ಹೊಳೆಯ ಆ ಚಿಪ್ಪುಮೀನುಗಳನ್ನು ಪಾತ್ರೆಗೆ ಸುರಿಯುವಾಗ ನನಗೆ ಆ ಮೀನಿನ ಮೂತಿ ನೆನಪಾಯಿತು. ಅದು ಯಾವುದರದ್ದೋ ಒಳಗಿನಿಂದ ಹೆಕ್ಕಿ ತಿನ್ನಲಿಕ್ಕೆಂದೇ ಇರುವ ಮೂತಿ. ಅವಳು ಆಚೆ ಹೋದಾಗ ನಾಲ್ಕನ್ನು ಡಬ್ಬಿಗೆ ಹಾಕಿಕೊಂಡೆ. ಕೇಳಿ ತೆಗೆದುಕೊಳ್ಳಬಹುದಿತ್ತು, ಆದರೆ ಮತ್ತೆ "ಉಳ್ಳಾಲದ ನೀರು" ಎಂದು ನಗುತ್ತಾಳೆ.

ಸಂಜೆ ಒಂದನ್ನು ಬಾಯಿ ಬಿಡಿಸಿ ಕಲ್ಲಿನ ಸಂದಿಯ ಎದುರು ಸಿಕ್ಕಿಸಿದೆ. ಕಾದೆ. ಮೊದಲು ಮೂತಿ, ಆಮೇಲೆ ಒಂದು ಪಟ್ಟೆ, ಆಮೇಲೆ ಇಡೀ ಮೀನು ಹೊರಗೆ ಬಂತು. ಚಿಪ್ಪನ್ನೊಮ್ಮೆ ಕುಕ್ಕಿತು. ಮತ್ತೆ ಕುಕ್ಕಿತು. ಐದು ನಿಮಿಷದಲ್ಲಿ ಚಿಪ್ಪು ಖಾಲಿ. ಖಾಲಿ ಚಿಪ್ಪು ಟ್ಯಾಂಕಿನಲ್ಲಿ ಉಳಿದರೆ ನೀರು ಕೆಡುತ್ತದೆಂದು ತೆಗೆದು ಜೇಬಿಗೆ ಹಾಕಿಕೊಂಡೆ. ಎರಡನೆಯದನ್ನು ಬೆರಳಲ್ಲೇ ಹಿಡಿದು ಮೊಣಕೈವರೆಗೆ ಕೈ ಇಳಿಸಿದೆ. ಬಂತು. ನನ್ನ ಕೈಯಿಂದ ತಿಂದಿತು. ಆ ಸಣ್ಣ ಎಳೆತ ಬೆರಳಿಗೆ ತಗಲಿದಾಗ ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ.

ಆಗಲೇ ಅವನ ಫೋನು. "ತಿಂದಿತಾ ಭಾವ?"

"ಇಲ್ಲ ಮಾರಾಯ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಹೌದು ಎಂದರೆ "ಥ್ಯಾಂಕ್ಸ್ ಭಾವ" ಎಂದು ಫೋನ್ ಇಡುತ್ತಿದ್ದ, ಅಲ್ಲಿಗೆ ಮುಗಿಯಿತು. ನನಗೆ ಅಷ್ಟು ಸಾಲದು. ಶನಿವಾರ ಅವನು, ಅವನಕ್ಕ ಇಬ್ಬರೂ ಎದುರು ನಿಂತು, ಮೀನು ಸತ್ತೇಹೋಗುತ್ತದೆಂದು ಮುಖ ಸಣ್ಣ ಮಾಡಿಕೊಂಡಿರುವಾಗ ನಾನು ಅಂಗಿಯ ತೋಳು ಮಡಚಿ ಕೈ ಇಳಿಸಬೇಕು, ಅದು ಎಲ್ಲರನ್ನೂ ಬಿಟ್ಟು ನನ್ನ ಕೈಗೆ ಬರಬೇಕು. ಗುರುವಾರವೂ ಇಲ್ಲ ಎಂದೆ, ಶುಕ್ರವಾರವೂ. ಎರಡೂ ದಿನ ಅದು ನನ್ನ ನೆರಳು ಕಂಡರೆ ಸಾಕು, ಗಾಜಿಗೆ ಬಂದು ಕಾಯುತ್ತಿತ್ತು.

ಶನಿವಾರ ನಾನೇ ಕೊಂಡು ತಂದ ಮರುವಾಯಿಯನ್ನು ಡಬ್ಬಿಗೆ ಹಾಕಿಕೊಂಡು, ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಡಬ್ಬಿಯಲ್ಲಿ ಎಂತ ಎಂದು ಕೇಳಿದಳು. ಅಲ್ಲಿ ನೋಡುವಿಯಂತೆ ಎಂದೆ.

ಬಾಗಿಲು ತೆರೆದವನ ಒಂದು ತೋಳು ಮೊಣಕೈವರೆಗೆ ಒದ್ದೆಯಾಗಿತ್ತು. ಮುಖ ಬೆಳಗುತ್ತಿತ್ತು.

"ಭಾವ, ಬನ್ನಿ ಬನ್ನಿ, ತಿಂದಿತು! ಬಂದವನೇ ಸಿಗಡಿ ಹಿಡಿದು ಕೈ ಹಾಕಿದೆ ನೋಡಿ, ಸೀದಾ ಬೆರಳಿಗೇ ಬಂತು! ಐದು ದಿನ ಉಪವಾಸ ಇದ್ದದ್ದು!"

"ಅಯ್ಯೊ ದೇವೆರೇ!" ಎಂದಳು ಹೆಂಡತಿ, ಅವನ ಒದ್ದೆ ಕೈಯನ್ನೇ ಹಿಡಿದುಕೊಂಡು. "ಸಣ್ಣದಿರುವಾಗಿಂದ ಹಾಗೆಯೇ ನೀನು. ಗಿಡ ನೆಟ್ರೂ ಬದುಕ್ತದೆ. ಕೈಗುಣ ಅಂದ್ರೆ ಅದು." ಆ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ಬೇರೆ ಹೇಳುತ್ತಿರಲಿಲ್ಲ.

ಹೇಳಿಬಿಡಲೇ? ಬುಧವಾರವೇ ತಿಂದಿದೆ, ಕೈಗೆ ಬರುವುದನ್ನು ಕಲಿಸಿದವನು ನಾನು ಎಂದು? ಹಾಗಾದರೆ ಮೂರು ದಿನ ಅಷ್ಟು ದೂರದಿಂದ ದನಿ ಸಣ್ಣ ಮಾಡಿಕೊಂಡು ಕೇಳುತ್ತಿದ್ದವನಿಗೆ ಇಲ್ಲ ಇಲ್ಲ ಎಂದದ್ದು ಯಾಕೆ? ಬಿಸಿತುಪ್ಪ ಬಾಯಲ್ಲಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಟ್ಯಾಂಕಿನ ಹತ್ತಿರ ಹೋದೆ.

ಸಂದಿಯಲ್ಲಿದ್ದ ಮೀನು ನನ್ನನ್ನು ಕಂಡದ್ದೇ ಹೊರಗೆ ಬಂದು, ನಾನು ನಿಂತ ಕಡೆಯ ಗಾಜಿಗೆ ಮೂತಿ ತಾಗಿಸಿ ನಿಂತಿತು. ನಾನು ಒಂದು ಹೆಜ್ಜೆ ಸರಿದೆ. ಅದೂ ಸರಿಯಿತು.

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ನೋಡಿ ಭಾವ" ಎಂದ ಪ್ರೀತಿಯಿಂದ. "ನನ್ನ ಕೈಯಿಂದ ತಿಂದ ಮೇಲೆ ಧೈರ್ಯ ಬಂದಿದೆ ಅದಕ್ಕೆ. ಈಗ ನಿಮ್ಮನ್ನು ಕಂಡ್ರೂ ಹೆದರುವುದಿಲ್ಲ."

ಹೌದು ಎಂದೆ.