ಕೌದಿಯ ಸೊಟ್ಟ ಸಾಲು

ಆಗೆಲ್ಲ ಬೈಲಹೊಂಗಲದ ನಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಪಡಸಾಲೆಯ ತುಂಬ ಕೌದಿ ಹಾಸಿರುತ್ತಿತ್ತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಅಪ್ಪನ ತಾಯಿ ಆಯಿ, ಅವ್ವ, ಪಕ್ಕದ ಮನೆಯ ಫಾತಿಮಾ ಚಾಚಿ ಒಂದೊಂದು ಮೂಲೆ ಹಿಡಿದು ಹೊಲಿಯುತ್ತಿದ್ದರು. ಉಳಿದ ಮೂಲೆ ನನ್ನದು. ನನ್ನ ಕೈಯಲ್ಲಿ ಮಾತ್ರ ಸೂಜಿಯಲ್ಲ, ಗ್ರಂಥಾಲಯದಿಂದ ತಂದ ಕಾದಂಬರಿ. ಅವರಾರಿಗೂ ಓದಲು ಬರುತ್ತಿರಲಿಲ್ಲ, ಹಾಗಾಗಿ ಅಲ್ಲಿ ಶಾಲೆ ಕಲಿಯುತ್ತಿದ್ದ ನನ್ನದೇ ದರ್ಬಾರು. ಹುರಿದ ಶೇಂಗಾ, ಬೆಲ್ಲ ಮೊದಲು ನನ್ನ ಮುಂದೆಯೇ ಬರುತ್ತಿತ್ತು.

ಅತ್ತೆ ಕಾಡಬೇಕು, ಗಂಡ ಕೈಬಿಡಬೇಕು, ಮಕ್ಕಳು ಉಪವಾಸ ಮಲಗಬೇಕು. ಅವರಿಗೆ ಅಂಥ ಪುಸ್ತಕವೇ ಆಗಬೇಕು. ಚಾಚಿ ಮೊದಲ ಪುಟಕ್ಕೇ ಸೆರಗು ಹುಡುಕುತ್ತಿದ್ದಳು. "ತಡಿಯವಾ, ಕಣ್ಣ ಒರಸ್ಕೋತೇನಿ. ಆ ಮಾತ ಇನ್ನೊಮ್ಮೆ ಓದು."

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ನನ್ನ ಶಾಲೆ ಬಿಡಿಸಲು ನಿಶ್ಚಯಿಸಿದ್ದ. ಹೈಸ್ಕೂಲು ಊರ ಇನ್ನೊಂದು ತುದಿಗೆ, ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂಬುದು ಅವನ ಮಾತು. ಅವ್ವ ಸುಮ್ಮನಾದಳು. ಆಯಿಯೂ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಊಟ ಸೇರದಾಯಿತು.

ಆ ವಾರದ ಕಾದಂಬರಿಯಲ್ಲೂ ಒಬ್ಬ ಹುಡುಗಿಯ ಶಾಲೆ ಬಿಡಿಸುತ್ತಾರೆ. ಅವಳು ತನ್ನ ಪಾಟಿಚೀಲವನ್ನು ತಾನೇ ತಮ್ಮನ ಹೆಗಲಿಗೆ ಹಾಕುತ್ತಾಳೆ. ಅಷ್ಟು ಓದುವಷ್ಟರಲ್ಲಿ ಆಯಿ ಅಳುತ್ತಿದ್ದಳು.

"ಆ ಮನ್ಯಾಗ ಒಬ್ಬಾಕಿ ಮುದುಕಿ ಇದ್ದಳಲ್ಲ, ಆಕಿಗಿ ಬಾಯಿ ಇರಲಿಲ್ಲೇನು?"

ನಾನು ಪುಸ್ತಕದಿಂದ ತಲೆ ಎತ್ತಿದೆ. "ನಿನಗ ಐತಲ್ಲ ಆಯಿ?"

ಅವ್ವ ಗಾಬರಿಯಾಗಿ ನನ್ನತ್ತ ಕಣ್ಣು ಬಿಟ್ಟಳು. ಚಾಚಿ ಮಾತ್ರ, "ಹುಡುಗಿ ಖರೇನ ಕೇಳ್ಯಾಳ" ಎಂದಳು. ಆಯಿ ಕಣ್ಣೀರಿನಲ್ಲೇ ಹೊಲಿಯುತ್ತ ಹೋದಳು, ಸಾಲು ಸೊಟ್ಟಗಾಯಿತು.

ಸಂಜೆ ಅಪ್ಪ ಬಂದು ಕುಳಿತ ಕೂಡಲೇ ಆಯಿ ಹೇಳಿದಳು: "ಹುಡುಗಿ ಹೈಸ್ಕೂಲಿಗಿ ಹೊಕ್ಕಾಳ."

"ಅಷ್ಟ ದೂರ ಯಾರ ಕರಕೊಂಡ ಹೋಗಾವ್ರು?"

"ನನ್ನ ಕಾಲೇನ ಮುರದಿಲ್ಲ."

ಜೂನ್ ತಿಂಗಳಿಂದ ಆಯಿ ನನ್ನನ್ನು ಬಿಟ್ಟು ಬರತೊಡಗಿದಳು. ದಾರಿಯುದ್ದಕ್ಕೂ ನನ್ನಿಂದ ಕಥೆ ಹೇಳಿಸಿ ಕೂಲಿ ವಸೂಲು ಮಾಡುತ್ತಿದ್ದಳು.

ಈಗ ಮನೆಯಲ್ಲಿ ಕಪಾಟು ತುಂಬ ಪುಸ್ತಕಗಳಿವೆ. ಬಾಯಿ ಬಿಡದೆ, ಸರಸರನೆ ಓದಿ ಮುಗಿಸುತ್ತೇನೆ. ಕಣ್ಣು ತುಂಬಿದರೂ ತಡಿ ಎನ್ನಲು ಆಯಿ ಇಲ್ಲ, ಚಾಚಿಯೂ ಇಲ್ಲ. ಅದು ನನಗೆ ದೊಡ್ಡ ನಷ್ಟವೇ. ಆ ಬೇಸಿಗೆಯ ಕೌದಿ ಮಾತ್ರ ನನ್ನ ಹತ್ತಿರವೇ ಇದೆ. ಮೊನ್ನೆ ಮಗಳು ಆ ಸೊಟ್ಟ ಸಾಲು ನೋಡಿ, ಬಿಚ್ಚಿ ನೆಟ್ಟಗೆ ಹೊಲಿಯಲೇನು ಎಂದಳು. ಬೇಡ ಎಂದೆ. ನಾನು ಹೈಸ್ಕೂಲಿಗೆ ಹೋದ ದಾರಿ ಅದು.